ಪುಂಡಿಪಲ್ಯದ ಹೆಸರೂ ಬೀಜದ ಆಯ್ಕೆಯೂ

ಬೀದರ ಜಿಲ್ಲೆಯ ಒಕ್ಕಲಿಗರ ಮನೆಗಳಲ್ಲಿ ಜೋಳದ ರೊಟ್ಟಿಯೊಡನೆ ಪುಂಡಿಪಲ್ಯವು ಎಷ್ಟು ರೂಢವಾದ ಆಹಾರವೆಂಬುದು ಸರ್ವವಿದಿತವಾದುದು. ಆದರೆ ಅದರ ಹೆಸರು ಆಡುವವರ ಮನೆಮಾತಿಗೆ ತಕ್ಕಂತೆ ಬದಲಾಗುವುದು. ಬೀದರ ಪಟ್ಟಣದಲ್ಲಿ ಉರ್ದು ಮನೆಮಾತಿನ ಗಿರಾಕಿಯು 'ಅಂಬಾಡೇಕೀ ಭಾಜಿ' ಎಂದು ಕೇಳುವನು. ಭಾಲ್ಕಿ, ಔರಾದಗಳ ಮರಾಠಿಗರು 'ಅಂಬಾಡಿ' ಎನ್ನುವರು. ತೆಲುಗರಿಗೆ ಅದು 'ಗೋಂಗೂರ'. 1956ರಲ್ಲಿ ಹಳೆಯ ಬೀದರ ಜಿಲ್ಲೆಯು ಒಡೆದು, ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೂ ನಾರಾಯಣಖೇಡ, ಜಹೀರಾಬಾದಗಳು ಆಂಧ್ರ ಪ್ರದೇಶಕ್ಕೂ ಸೇರಿದವು. ಸಂತೆಯ ಮಾತು ಮಾತ್ರ ಒಡೆಯಲಿಲ್ಲ.

'ಪಲ್ಯ' ಎಂಬ ಮಾತನ್ನೂ ಇಲ್ಲಿ ವಿಚಾರಿಸತಕ್ಕದ್ದು. ಮೈಸೂರ ಕಡೆಯಲ್ಲಿ ಬೇಯಿಸಿ ಒಗ್ಗರಿಸಿದ ವ್ಯಂಜನಕ್ಕೆ ಮಾತ್ರ ಪಲ್ಯವೆಂಬ ಹೆಸರು, ಹಸಿಯದು ಸೊಪ್ಪು. ಈ ಕಡೆಯಲ್ಲಾದರೋ ಹೊಲದಲ್ಲಿರುವ ಎಲೆಯೂ ಪಲ್ಯವೇ, ಬೇಳೆ, ಜೋಳದ ನುಚ್ಚು, ಹಸಿಮೆಣಸಿನಕಾಯಿ ಕೂಡಿಸಿ ಬೇಯಿಸಿ ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟದ್ದೂ ಪಲ್ಯವೇ. ಕರಾವಳಿಯಲ್ಲಿ 'ಪುಂಡಿ' ಎಂದರೆ ಅಕ್ಕಿಯ ಉಂಡೆಯನ್ನು ಹಬೆಯಲ್ಲಿ ಬೇಯಿಸಿ ಮುಂದಿಡುವರು. ಬೀದರಿನ ಅತಿಥಿಗೆ ಅದು ಸೋಜಿಗವೇ ಸರಿ. ತೆಲುಗಿನ ಹೆಸರು ಇನ್ನೂ ಬೋಧಪ್ರದವಾದುದು. 'ಗೋಗು' ಎಂದರೆ ನಾರಿನ ಗಿಡ, 'ಕೂರ' ಎಂದರೆ ಪಲ್ಯ. ಎರಡೂ ಕೂಡಿ ಗೋಂಗೂರವಾಯಿತು. ಕನ್ನಡದಲ್ಲಿಯೂ ಪುಂಡಿಪಲ್ಯದ ಮಗ್ಗುಲಲ್ಲಿಯೇ ಪುಂಡಿನಾರು ಉಂಟು. ಹೀಗೆ ಒಂದೇ ಹೆಸರು ಅಡಿಗೆಮನೆಗೂ ಹಗ್ಗ ಹೊಸೆಯುವವನಿಗೂ ಸಲ್ಲುತ್ತದೆ.

ತೊಡಕು ಇರುವುದು ಇಲ್ಲಿಯೇ. ಈ ಹೆಸರಿನ ಗಿಡಗಳು ಎರಡು ಜಾತಿಯವು. ಒಂದನ್ನು ಸಸ್ಯಶಾಸ್ತ್ರಜ್ಞರು ಹೈಬಿಸ್ಕಸ್ ಕೆನಾಬಿನಸ್ ಎಂದೂ ಇನ್ನೊಂದನ್ನು ಹೈಬಿಸ್ಕಸ್ ಸಬ್ದಾರಿಫ ಎಂದೂ ಕರೆಯುವರು. ವ್ಯಾಪಾರಿಗಳ 'ಮೆಸ್ಟಾ' ಎಂಬ ಮಾತಿನಿಂದಲೂ ಸಂಶಯ ಹರಿಯದು. ಅದು ಎರಡು ಜಾತಿಗಳ ನಾರಿಗೂ ಸಲ್ಲುವ ಹೆಸರು. ಸಣಬು ಇವೆರಡರಿಂದಲೂ ಬೇರೆ. ಅದು ದ್ವಿದಳ ಜಾತಿಯ ಗಿಡ, ಹಸಿರು ಗೊಬ್ಬರಕ್ಕೆ ಬರುವುದು.

ಎರಡು ಗಿಡಗಳ ಎಲೆಯನ್ನೂ ತಿನ್ನಬಹುದು. ಆದರೆ ಮೊದಲನೆಯದು ನೆಟ್ಟಗೆ ಎಂಟು ಹತ್ತು ಅಡಿ ಬೆಳೆದು ನಾರಿಗೆ ಒದಗುವುದು. ಎರಡನೆಯದರಲ್ಲಿ ಪಲ್ಯಕ್ಕೆ ಬೆಳೆಸುವ ಬಗೆಯು ಬುಡದಿಂದಲೇ ಕವಲೊಡೆದು ಪೊದೆಯಾಗುವುದು, ಎಲೆಯ ಹುಳಿಯೂ ಹೆಚ್ಚು. (ಈ ಹುಳಿಯ ದೆಸೆಯಿಂದಲೇ ಕಲಾಯಿಯಿಲ್ಲದ ತಾಮ್ರ ಹಿತ್ತಾಳೆಯ ಪಾತ್ರೆಗಳಲ್ಲಿ ಇದನ್ನು ಬೇಯಿಸಲಾಗದು.) ಹಗ್ಗಕ್ಕೆಂದು ಬಿತ್ತಿದವನಿಗೆ ಪೊದೆಯ ಗಿಡ ಬಂದರೆ ಕವಲುಕವಲಾದ ದಂಟಿನಿಂದ ಉದ್ದವಾದ ನಾರು ದೊರೆಯದು, ಪಟ್ಟಣದ ಪಲ್ಯದ ಪೇಟೆಗೆಂದು ಬಿತ್ತಿದವನಿಗೆ ನಾರಿನ ಗಿಡ ಬಂದರೆ ಎಲೆಯ ಇಳುವರಿಯೂ ಹುಳಿಯೂ ಸಾಲವು. ಮುಂಗಾರಿನಲ್ಲಿ ಬಿತ್ತಿದ ತಪ್ಪು ಹೂವು ಕಾಯಿಗಳಾಗುವವರೆಗೆ ಸ್ಪಷ್ಟವಾಗದು. ಅಷ್ಟರಲ್ಲಿ ಆ ವರ್ಷದ ಭೂಮಿಯೂ ಕೂಲಿಯೂ ಹೋದಂತೆಯೇ.

ಕಾಳು ನೋಡಿ ಜಾತಿ ಹೇಳುವುದು ಸಾಮಾನ್ಯರಿಗೆ ಕಷ್ಟಸಾಧ್ಯ. ಕಾಯಿ ನೋಡಿದರೆ ಸುಲಭ. ಪಲ್ಯದ ಜಾತಿಯಲ್ಲಿ ಹೂವು ಉದುರಿದ ಮೇಲೆ ಅದರ ಪುಷ್ಪಪಾತ್ರೆಯು ದಪ್ಪನಾಗಿ, ಹಲವು ತಳಿಗಳಲ್ಲಿ ಕೆಂಪಗೆ, ರಸವತ್ತಾಗಿ ಕಾಯನ್ನು ಸುತ್ತಿಕೊಳ್ಳುವುದು. ಆ ಪಾತ್ರೆಯಿಂದ ಚಟ್ನಿ ಮಾಡುವುದುಂಟು. ನಾರಿನ ಜಾತಿಯಲ್ಲಿ ಅದು ತೆಳುವಾಗಿಯೇ ಉಳಿಯುವುದು, ಕಾಯಿಯ ಮೇಲಿನ ಸುಂಕು ಕೈಗೆ ಚುಚ್ಚುವುದು. ನಾರು ಬೇಕಾದವನು ಹೂವಿನ ಕಾಲದಲ್ಲಿಯೇ ದಂಟು ಕೊಯ್ದು ಹತ್ತು ಹದಿನೈದು ದಿವಸ ನೀರಿನಲ್ಲಿ ಕೊಳೆಯಿಸತಕ್ಕದ್ದು. ಕಾಯಿ ಬಲಿತ ಗಿಡದ ನಾರು ಒರಟಾಗುವುದು. ಆದಕಾರಣ ಬೀಜಕ್ಕೆ ಕೆಲವು ಗಿಡಗಳನ್ನು ಬೇರೆಯಾಗಿ ಬಿಡಬೇಕು.

ಊರ ಮುಖ್ಯಸ್ಥರು ನೆರೆಯೂರಿನಿಂದ ಬೀಜ ತರಿಸುವಾಗ ಪುಂಡಿಯೋ ಅಂಬಾಡಿಯೋ ಎಂದು ಕೇಳುವುದರಿಂದ ಏನೂ ತಿಳಿಯದು. ಪಲ್ಯದ್ದೋ ನಾರಿನದ್ದೋ ಎಂದು ಕೇಳತಕ್ಕದ್ದು. ಬೀಜವನ್ನು ಕಟ್ಟಿಡುವಾಗ ಪ್ರತಿ ಚೀಲದಲ್ಲಿಯೂ ಆ ಗಿಡದ ಒಂದೆರಡು ಒಣಗಿದ ಕಾಯಿಗಳನ್ನು ಪುಷ್ಪಪಾತ್ರೆಸಹಿತ ಇಟ್ಟರೆ, ಚೀಲವು ಔರಾದಿನಿಂದ ಬೀದರಿಗೆ ಹೋಗಿ ಹೆಸರು ಬದಲಾದರೂ ಬಿತ್ತುವವನು ಬಿಚ್ಚಿ ನೋಡಿ ತಿಳಿದುಕೊಳ್ಳಬಹುದು.