ನೆಲಕ್ಕೊಂದು ಹೊದಿಕೆ
(ದ್ವಿತೀಯ ಬಿ.ಎ. ವಿದ್ಯಾರ್ಥಿ)

ಕಲಾ ಕಾಲೇಜಿನ ವಿದ್ಯಾರ್ಥಿಗೆ ಬದನೆಯ ಮಡಿಯ ಮಾತೇಕೆ ಎಂದು ಕೆಲವು ಮಿತ್ರರು ನಗಬಹುದು. ಚರಿತ್ರೆ, ಅರ್ಥಶಾಸ್ತ್ರಗಳನ್ನು ಓದುವ ನಾನು ಈ ಲೇಖನವನ್ನು ಬರೆಯಲು ಕಾರಣವಾದುದು 2024ನೆಯ ಇಸವಿಯ ಬೇಸಗೆ. ಇರುವ ಅಲ್ಪವನ್ನು ಪೋಲಾಗದಂತೆ ಬಳಸುವುದೇ ಅರ್ಥಶಾಸ್ತ್ರವಾದರೆ, ಅದರ ಮೊದಲ ಪಾಠವನ್ನು ನಾನು ಕಲಿತದ್ದು ತರಗತಿಯಲ್ಲಲ್ಲ, ಮಹದೇವಪುರದ ನಮ್ಮ ಮನೆಯ ಹಿತ್ತಿಲಿನಲ್ಲಿ.

ಇಂದು ಮಹದೇವಪುರಕ್ಕೆ ಬರುವವರ ಕಣ್ಣಿಗೆ ಗಾಜಿನ ಕಟ್ಟಡಗಳೂ ವರ್ತುಲ ರಸ್ತೆಯ ವಾಹನಗಳೂ ಮಾತ್ರ ಬೀಳುತ್ತವೆ. ಆದರೆ ಇದು ಕೆರೆಯ ಊರು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಸೇರುವವರೆಗೂ ಇದಕ್ಕೆ ತನ್ನದೇ ಆದ ನಗರಸಭೆಯಿತ್ತು. ಈ ಕಟ್ಟಡಗಳ ನಡುವೆ ನಮ್ಮ ಹಿತ್ತಿಲು ಇಪ್ಪತ್ತಡಿ ಉದ್ದ, ಹದಿನೈದಡಿ ಅಗಲ ಉಳಿದುಕೊಂಡಿದೆ. ಅಲ್ಲಿ ನಮ್ಮ ಅಜ್ಜಿ ಬದನೆ, ಟೊಮೇಟೊ, ಮೆಣಸಿನಕಾಯಿ, ದಂಟಿನಸೊಪ್ಪುಗಳನ್ನು ಬೆಳೆಸುತ್ತಾರೆ. ವಾರದಲ್ಲಿ ಮೂರು ದಿನದ ಸಾರಿಗೆ ಅದು ಸಾಕಾಗುತ್ತಿತ್ತು.

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿಸಲ್ಪಟ್ಟವು. ಮರುವರ್ಷದ ಶಿವರಾತ್ರಿಯ ಹೊತ್ತಿಗೆ ನಮ್ಮ ಬೀದಿಯ ಕೊಳವೆಬಾವಿ ಬತ್ತಿತು. 2024ರ ಮಾರ್ಚಿಯಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಕೂಡದೆಂದೂ ತಪ್ಪಿದರೆ 5,000 ರೂಪಾಯಿ ದಂಡವೆಂದೂ ಆಜ್ಞೆ ಹೊರಡಿಸಿತು. ನಮ್ಮ ತಾಯಿ ಟ್ಯಾಂಕರ್ ನೀರಿನ ಲೆಕ್ಕ ನೋಡಿ, "ಕುಡಿಯೋಕೇ ನೀರಿಲ್ಲ, ಗಿಡಕ್ಕೆಲ್ಲಿಂದ ತರೋಣ ಅತ್ತೆ? ಈ ವರ್ಷ ಕಿತ್ತುಬಿಡೋಣ" ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನೆಲ್ಲ ಕೂಡಿಟ್ಟರೂ ದಿನಕ್ಕೆ ಎರಡು ಬಿಂದಿಗೆ ದಾಟುತ್ತಿರಲಿಲ್ಲ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು ನನ್ನ ಕಡೆ ತಿರುಗಿ, "ನೀರು ಸಾಲದಿದ್ರೆ ನೆಲಕ್ಕೆ ಹೊದಿಸೋಣ ಕಣಪ್ಪ. ಬೆತ್ತಲೆ ನೆಲ ಎಷ್ಟು ಕುಡಿದ್ರೂ ದಾಹ ತೀರಲ್ಲ" ಎಂದರು.

ಈ ಮಾತಿನಲ್ಲಿರುವ ಶಾಸ್ತ್ರವೇನು? ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಮಣ್ಣಿನ ಕಣಗಳ ಸಂದುಗಳಲ್ಲಿ ನೀರು ಮೇಲಕ್ಕೇರುತ್ತದೆ. ಮೇಲೆ ಬಿಸಿಲೂ ಗಾಳಿಯೂ ಅದನ್ನು ಆವಿಮಾಡಿ ಒಯ್ಯುತ್ತವೆ. ನಾವು ಹೊತ್ತು ಹಾಕಿದ ನೀರಿನಲ್ಲಿ ಒಂದು ಪಾಲು ಗಿಡದ ಬಾಯಿಗೆ ಬೀಳದೆ ಹೀಗೆ ಹೋಗುವುದುಂಟು. ನೆಲದ ಮೇಲೆ ತರಗೆಲೆಯನ್ನೋ ಹುಲ್ಲನ್ನೋ ಹಾಸಿದರೆ ಮಣ್ಣಿಗೆ ನೆರಳಾಗುತ್ತದೆ, ಗಾಳಿಗೆ ತಡೆಯಾಗುತ್ತದೆ. ಬಿಸಿಲು ಬೇಕಾದುದು ಗಿಡದ ಎಲೆಗೆ, ಬೇರಿನ ಮೇಲಣ ಮಣ್ಣಿಗಲ್ಲ. ಇನ್ನು ಕಳೆಯ ಮಾತು. ಸಣ್ಣ ಬೀಜದ ಎಷ್ಟೋ ಕಳೆಗಳಿಗೆ ಮೊಳೆಯಲು ಬೆಳಕು ಬೇಕು. ಮೊಳೆತವೂ ಮೂರು ನಾಲ್ಕು ಅಂಗುಲದ ಹೊದಿಕೆಯನ್ನು ಸೀಳಿ ಬರುವಷ್ಟು ಕಸುವಿಲ್ಲದೆ ಕತ್ತಲೆಯಲ್ಲೇ ಬಾಡುತ್ತವೆ. ಮಳೆಗಾಲದಲ್ಲಿ ಇನ್ನೊಂದು ಲಾಭವುಂಟು. ನಮ್ಮ ಕೆಂಪು ಮಣ್ಣಿನ ಮೇಲೆ ಹನಿ ನೇರವಾಗಿ ಬಡಿದರೆ ಮೇಲ್ಪದರ ಗಟ್ಟಿಯಾಗಿ ನೀರು ಇಂಗದೆ ಹರಿದುಹೋಗುತ್ತದೆ. ಹೊದಿಕೆಯಿದ್ದರೆ ಹನಿಯ ಪೆಟ್ಟು ಎಲೆಗೆ ಬೀಳುತ್ತದೆ, ನೀರು ಮೆಲ್ಲನೆ ಮಣ್ಣಿಗಿಳಿಯುತ್ತದೆ.

ಇದು ಹೊಸ ವಿದ್ಯೆಯಲ್ಲ. ಮಲೆನಾಡಿನ ಅಡಕೆ ತೋಟಿಗರು ಸೊಪ್ಪಿನ ಬೆಟ್ಟದಿಂದ ಸೊಪ್ಪು, ತರಗೆಲೆ ತಂದು ಮರದ ಬುಡಕ್ಕೆ ಹಾಕುವುದು ತಲೆತಲಾಂತರದ ಪದ್ಧತಿ. ಅಮೆರಿಕದ ರೂತ್ ಸ್ಟೌಟ್ ಎಂಬಾಕೆ ತರಕಾರಿ ತೋಟಕ್ಕೆ ವರ್ಷವಿಡೀ ಹುಲ್ಲು ಹಾಸಿ, ಅಗೆತವನ್ನೂ ಕಳೆ ಕೀಳುವುದನ್ನೂ ಬಿಟ್ಟು, ಆ ಅನುಭವವನ್ನು 1955ರಲ್ಲಿ ಪುಸ್ತಕವಾಗಿ ಪ್ರಕಟಿಸಿದಳು. ಜಪಾನಿನ ಮಸನೊಬು ಫುಕುವೋಕಾ ಬೆಳೆ ಕೊಯ್ದ ಹುಲ್ಲನ್ನು ಗದ್ದೆಗೇ ಹಿಂದಿರುಗಿಸಿ ಹರಡುತ್ತಿದ್ದರು. ಅವರಿಂದ ಪ್ರೇರಿತರಾದ ದೊಡ್ಡಬಳ್ಳಾಪುರ ತಾಲ್ಲೂಕಿನ ಸಾವಯವ ಕೃಷಿಕ ಎಲ್. ನಾರಾಯಣ ರೆಡ್ಡಿಯವರು 2019ರಲ್ಲಿ ತೀರಿಕೊಳ್ಳುವವರೆಗೂ ತಮ್ಮಲ್ಲಿಗೆ ಬಂದ ರೈತರಿಗೆ ಮಣ್ಣನ್ನು ಕಾಯುವ ಪಾಠ ಹೇಳಿದರು.

ಹೊದಿಸಲು ಏನು ತರುವುದು? ರಾಗಿ ಹುಲ್ಲು ದನದ ಮೇವು. ಅದನ್ನು ನೆಲಕ್ಕೆ ಹಾಸುವುದು ದುಂದೆಂದು ಅಜ್ಜಿ ಒಪ್ಪಲಿಲ್ಲ. ಆದರೆ ಆ ಕಾಲದಲ್ಲಿ ರಸ್ತೆಯ ಹೊಂಗೆ, ಮಳೆಮರಗಳು ಎಲೆ ಉದುರಿಸುತ್ತವೆ. ಬೀದಿ ಗುಡಿಸುವ ಪೌರಕಾರ್ಮಿಕ ಅಕ್ಕನವರನ್ನು ಕೇಳಿದೆ. "ತಗೊಂಡೋಗಪ್ಪ, ನಮಗೂ ಹೊರೆ ಕಮ್ಮಿ" ಎಂದು ಎರಡು ಮೂಟೆ ಕೊಟ್ಟರು. ಪ್ಲಾಸ್ಟಿಕ್ ಚೂರುಗಳನ್ನು ಆರಿಸಿ ತೆಗೆಯುವುದಕ್ಕೇ ಒಂದು ಗಂಟೆ ಹಿಡಿಯಿತು.

ಮೊದಲ ಸಲ ನಾನು ಮಾಡಿದ್ದು ತಪ್ಪು. ಒಣಗಿದ ಮಡಿಯ ಮೇಲೆಯೇ ಎಲೆ ಹರಡಿ ಮೇಲಿನಿಂದ ನೀರೆರಚಿದೆ. ಎಲೆ ತೊಯ್ದಿತೇ ಹೊರತು ಮಣ್ಣು ತೊಯ್ಯಲಿಲ್ಲ. ಹೊದಿಕೆ ಇದ್ದುದನ್ನು ಕಾಪಾಡೀತು, ಇಲ್ಲದುದನ್ನು ಕೊಡಲಾರದು. ಆಮೇಲೆ ಸರಿಯಾದ ಕ್ರಮವನ್ನು ಕಲಿತೆ. ಮೊದಲು ಕಳೆಯನ್ನು ಬೇರುಸಹಿತ ಕೀಳಬೇಕು. ಅನಂತರ ಮಣ್ಣಿಗೆ ಆಳವಾಗಿ ನೀರುಣಿಸಿ, ಮೂರು ನಾಲ್ಕು ಅಂಗುಲ ದಪ್ಪ ಎಲೆ ಹಾಸಬೇಕು. ಕಾಂಡದ ಸುತ್ತ ಎರಡಂಗುಲ ಬಿಡದಿದ್ದರೆ ಬುಡ ಕೊಳೆಯುತ್ತದೆ. ಮುಂದೆ ನೀರನ್ನು ಎಲೆಯ ಮೇಲೆ ಎರಚದೆ ಬುಡದಲ್ಲಿ ನಿಧಾನವಾಗಿ ಬಿಡಬೇಕು. ದಂಟು, ಕೊತ್ತಂಬರಿಯಂತಹ ಬೀಜ ಬಿತ್ತಿದ ಮಡಿಗೆ ಸಸಿ ನಾಲ್ಕು ಬೆರಳು ಎತ್ತರವಾಗುವವರೆಗೆ ಹೊದಿಸಕೂಡದು, ಕಳೆಗಾದ ಗತಿಯೇ ಅದಕ್ಕೂ ಆದೀತು.

ತಾಯಿಯವರಿಗೆ ನಂಬಿಕೆ ಬರಲೆಂದು ಒಂದು ಬದನೆಯ ಮಡಿಗೆ ಹೊದಿಸಿ, ಪಕ್ಕದ ಮಡಿಯನ್ನು ಬರಿದೇ ಬಿಟ್ಟೆ. ಎರಡಕ್ಕೂ ದಿನ ಬಿಟ್ಟು ದಿನ ಸಮನಾಗಿ ನೀರು. ಬರಿಯ ಮಡಿಯಲ್ಲಿ ಮರುದಿನ ಸಂಜೆಗೇ ಬೆರಳಿಗೆ ಪುಡಿಮಣ್ಣು ಸಿಗುತ್ತಿತ್ತು. ಹೊದಿಸಿದ ಮಡಿಯಲ್ಲಿ ಎಲೆ ಸರಿಸಿ ನೋಡಿದರೆ ಮೂರನೆಯ ದಿನವೂ ತೇವವಿತ್ತು. ಒಂದು ತಿಂಗಳಲ್ಲಿ ಬರಿಯ ಮಡಿಯ ಕಳೆಯನ್ನು ನಾಲ್ಕು ಬಾರಿ ಕಿತ್ತೆ, ಇನ್ನೊಂದರಲ್ಲಿ ಒಂದೇ ಬಾರಿ. ಒಂದು ಹಿತ್ತಿಲಿನ ಲೆಕ್ಕದಿಂದ ಸಿದ್ಧಾಂತ ಕಟ್ಟಲಾಗದೆಂಬುದನ್ನು ಬಲ್ಲೆ. ಆದರೆ ಗಿಡ ಕಿತ್ತುಬಿಡೋಣವೆಂದಿದ್ದ ತಾಯಿಯೇ, "ಆ ಮಡಿಗೂ ಹಾಕೋ, ಪಾಪ" ಎಂದಾಗ ನನಗೆ ಪರೀಕ್ಷೆ ಗೆದ್ದಷ್ಟು ಸಂತೋಷವಾಯಿತು.

ದೋಷಗಳನ್ನೂ ಹೇಳದಿದ್ದರೆ ಪಾಠ ಪೂರ್ಣವಾಗದು. ಕೊನ್ನಾರಿಗೆ ಈ ಹೊದಿಕೆ ಯಾವ ಲೆಕ್ಕಕ್ಕೂ ಇಲ್ಲ. ಅದರ ಸೂಜಿಯಂಥ ಮೊಳಕೆ ಎಲೆಯನ್ನು ಚುಚ್ಚಿ ಮೇಲೆ ಬರುತ್ತದೆ, ಗೆಡ್ಡೆಯನ್ನೇ ಅಗೆದು ತೆಗೆಯಬೇಕು. ಒಣ ಎಲೆಗೆ ಗೆದ್ದಲು ಬರುವುದುಂಟು, ಮಳೆ ಹಿಡಿದ ಮೇಲೆ ಬಸವನಹುಳುವಿಗೂ ಅದು ಮನೆಯಾಗುತ್ತದೆ. ಆದಕಾರಣ ಆಗಾಗ ಎಲೆ ಸರಿಸಿ ನೋಡಬೇಕು, ಮಳೆಗಾಲದಲ್ಲಿ ತೆಳ್ಳಗೆ ಹಾಸಬೇಕು. ಹೂಬಿಟ್ಟ ಕಾಂಗ್ರೆಸ್ ಗಿಡವನ್ನಂತೂ ಹಾಸಲೇಕೂಡದು. ಅದು ಕಳೆಯನ್ನು ನಾವೇ ಬಿತ್ತಿದಂತೆ. ಹಸಿ ಮರದ ಹೊಟ್ಟನ್ನು ಮಣ್ಣಿಗೆ ಬೆರೆಸಿದರೆ ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಸಾರಜನಕವನ್ನು ತಾವೇ ಹೀರಿ ಗಿಡ ಹಳದಿಯಾಗುತ್ತದೆ. ಕೋಲಾರದ ಕಡೆಯ ಟೊಮೇಟೊ ತೋಟಗಳಲ್ಲಿ ಪ್ಲಾಸ್ಟಿಕ್ ಹಾಳೆ ಹಾಸುವುದುಂಟು. ಅದೂ ತೇವ ಉಳಿಸುತ್ತದೆ, ಕಳೆಯನ್ನು ತಡೆಯುತ್ತದೆ. ಆದರೆ ಎಲೆ ಕೊನೆಗೆ ಗೊಬ್ಬರವಾಗುತ್ತದೆ, ಪ್ಲಾಸ್ಟಿಕ್ ಕಸವಾಗಿಯೇ ಉಳಿಯುತ್ತದೆ.

ಆ ಬೇಸಗೆಯಲ್ಲಿ ಟೊಮೇಟೊ ಗಿಡಗಳು ಉಳಿಯಲಿಲ್ಲ. ಬದನೆಯೂ ಮೆಣಸಿನಕಾಯಿಯೂ ಉಳಿದವು. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೆಯ ಹಂತದ ಯೋಜನೆಗೆ ಚಾಲನೆ ದೊರೆಯಿತು. ಆದರೆ ಅಷ್ಟು ದೂರದಿಂದ ಎತ್ತಿ ತಂದ ನೀರನ್ನು ಬರಿಯ ನೆಲಕ್ಕೆ ಸುರಿದು ಬಿಸಿಲಿಗೆ ಒಪ್ಪಿಸುವುದು ಯಾವ ನ್ಯಾಯ? ನಮ್ಮ ಹಿತ್ತಿಲಿನಲ್ಲಿ ಹೊದಿಕೆ ಈಗಲೂ ಇದೆ.

ನಮ್ಮ ಕಾಲೇಜಿನ ಅಂಗಳದಲ್ಲಿಯೂ ಮರಗಳಿವೆ, ಹೂವಿನ ಪಾತಿಗಳಿವೆ. ಮಾಘಮಾಸದಲ್ಲಿ ಉದುರುವ ಎಲೆಯನ್ನು ಮೂಟೆ ಕಟ್ಟಿ ಹೊರಗೆ ಕಳುಹಿಸುವ ಬದಲು ಆ ಪಾತಿಗಳಿಗೇ ಹಾಸಬಹುದು. ರಾಷ್ಟ್ರೀಯ ಸೇವಾ ಯೋಜನೆಯ ಗೆಳೆಯರು ಒಂದು ಶನಿವಾರದ ಮಧ್ಯಾಹ್ನವನ್ನು ಇದಕ್ಕೆ ಕೊಟ್ಟರೆ ಸಾಕು. ಮಂಕರಿಯನ್ನು ನಾನು ತರುತ್ತೇನೆ.