ಮಾರ್ಗಶಿರದ ಚಂದ್ರನೂ ಖಗೋಳದ ಪರಿಭಾಷೆಯೂ

ಖಗೋಳಶಾಸ್ತ್ರವನ್ನು ಓದತೊಡಗುವ ವಿದ್ಯಾರ್ಥಿಯನ್ನು ಮೊದಲು ಬೆದರಿಸುವುದು ಅದರ ಪರಿಭಾಷೆ. ಖಸ್ವಸ್ತಿಕ, ಉನ್ನತಾಂಶ, ಕ್ರಾಂತಿವೃತ್ತ ಮೊದಲಾದ ಪದಗಳನ್ನು ಬಾಯಿಪಾಠ ಮಾಡಿ ಒಪ್ಪಿಸುವವರಲ್ಲಿ ಎಷ್ಟೋ ಮಂದಿ ಅವನ್ನು ಆಕಾಶದಲ್ಲಿ ತೋರಿಸಲಾರರು. ಆದರೆ ತಿಥಿ, ನಕ್ಷತ್ರ, ಮಾಸ ಎಂಬ ಪದಗಳು ನಮ್ಮ ಮನೆಯ ಪಂಚಾಂಗದಲ್ಲಿಯೇ ಇವೆ. ಅವೂ ಆಕಾಶದ ಅಳತೆಗಳೇ. ಅವುಗಳಲ್ಲಿ ಮಾರ್ಗಶಿರ ಪೂರ್ಣಿಮೆ ಎಂಬ ಒಂದನ್ನು ಮಾತ್ರ ತೆಗೆದುಕೊಂಡು, ಅದರಿಂದ ಉಳಿದವುಗಳನ್ನು ತಿಳಿಯಲು ಯತ್ನಿಸೋಣ.

ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನಲ್ಲಿ, ಭೀಮಾ ಮತ್ತು ಅಮರಜಾ ನದಿಗಳು ಕೂಡುವೆಡೆಯಲ್ಲಿರುವ ಗಾಣಗಾಪುರದಲ್ಲಿ ದತ್ತಜಯಂತಿ ನಡೆಯುವುದು ಈ ಹುಣ್ಣಿಮೆಯಂದೇ. ಸಂಗಮದ ದಡದಲ್ಲಿ ನಿಂತವನಿಗೆ ನೆಲವೂ ಆಕಾಶವೂ ಕೂಡಿದಂತೆ ತೋರುವ ವೃತ್ತವೇ ಕ್ಷಿತಿಜ. ನೆತ್ತಿಯ ನೇರಕ್ಕಿರುವ ಬಿಂದುವೇ ಖಸ್ವಸ್ತಿಕ. ಕ್ಷಿತಿಜದಿಂದ ಒಂದು ಜ್ಯೋತಿಯ ಎತ್ತರವನ್ನು ಕೋನದಲ್ಲಿ ಅಳೆದರೆ ಅದು ಉನ್ನತಾಂಶ. ಕೈಯನ್ನು ಪೂರ್ಣವಾಗಿ ಚಾಚಿ ಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಗಾಣಗಾಪುರದ ಉತ್ತರ ಅಕ್ಷಾಂಶ ಸುಮಾರು 17 ಡಿಗ್ರಿ. ಆದುದರಿಂದ ಅಲ್ಲಿ ಧ್ರುವತಾರೆಯನ್ನು ಉತ್ತರ ಕ್ಷಿತಿಜದಿಂದ ಎರಡು ಮುಷ್ಟಿಗೂ ಕೊಂಚ ಕಡಿಮೆ ಎತ್ತರದಲ್ಲಿ ಹುಡುಕಬೇಕು.

ವರ್ಷವಿಡೀ ನಕ್ಷತ್ರಗಳ ನಡುವೆ ಸೂರ್ಯನು ಸಾಗುವಂತೆ ತೋರುವ ದಾರಿಗೆ ಕ್ರಾಂತಿವೃತ್ತವೆಂದು ಹೆಸರು. ಚಂದ್ರನು ಈ ದಾರಿಯಿಂದ 5 ಡಿಗ್ರಿಗಳಿಗಿಂತ ಹೆಚ್ಚು ದೂರ ಸರಿಯುವುದು ಅತ್ಯಲ್ಪ. ಹುಣ್ಣಿಮೆಯಂದು ಅವನು ಸೂರ್ಯನಿಗೆ ಎದುರಾಗಿರುತ್ತಾನೆ. ಡಿಸೆಂಬರಿನಲ್ಲಿ ಸೂರ್ಯನು ದಕ್ಷಿಣದ ತುದಿಯಲ್ಲಿದ್ದು, ಗಾಣಗಾಪುರದ ನಡುಹಗಲಿನಲ್ಲಿ ಸುಮಾರು 50 ಡಿಗ್ರಿಯಷ್ಟು ಮಾತ್ರ ಏರುತ್ತಾನೆ. ಅದೇ ರಾತ್ರಿ ಹುಣ್ಣಿಮೆಯ ಚಂದ್ರನು ಏರಿ ಏರಿ ಖಸ್ವಸ್ತಿಕವನ್ನೇ ಸಮೀಪಿಸಿ, ಸ್ವಲ್ಪ ಉತ್ತರಕ್ಕೆ ಸರಿದು ದಾಟುತ್ತಾನೆ. ಚಳಿಗಾಲದ ಬೆಳುದಿಂಗಳಿನಲ್ಲಿ ನಮ್ಮ ನೆರಳು ಅಷ್ಟು ಗಿಡ್ಡವಾಗುವುದು ಇದರಿಂದಲೇ. ಇದು ನಡುರಾತ್ರಿಯ ಸಂಗತಿಯಾದರೂ ಗಡಿಯಾರದ ಹನ್ನೆರಡನ್ನು ನಂಬಬಾರದು. ಭಾರತೀಯ ಕಾಲವು 82½ ಡಿಗ್ರಿ ರೇಖಾಂಶದ್ದು. ಗಾಣಗಾಪುರ ಅದಕ್ಕೆ ಸುಮಾರು 6 ಡಿಗ್ರಿ ಪಶ್ಚಿಮದಲ್ಲಿರುವುದರಿಂದ ಸ್ಥಳೀಯ ನಡುರಾತ್ರಿ ಸುಮಾರು 24 ನಿಮಿಷ ತಡ.

ಇನ್ನು ತಿಥಿ. ಇದನ್ನು ದಿನವೆಂದು ಭಾವಿಸುವುದರಿಂದ ಅನೇಕ ವಾಗ್ವಾದಗಳು ಹುಟ್ಟುತ್ತವೆ. ತಿಥಿಯು ದಿನವಲ್ಲ, ಕೋನ. ಸೂರ್ಯನಿಂದ ಚಂದ್ರನು 12 ಡಿಗ್ರಿ ಮುಂದೆ ಸಾಗಿದರೆ ಒಂದು ತಿಥಿ ಮುಗಿಯಿತು. 168ರಿಂದ 180 ಡಿಗ್ರಿಯವರೆಗೆ ಪೂರ್ಣಿಮೆ. ಚಂದ್ರನ ಕಕ್ಷೆ ದೀರ್ಘವೃತ್ತವಾದುದರಿಂದ ಅವನ ವೇಗ ಒಂದೇ ಸಮನಲ್ಲ. ಆದಕಾರಣ ತಿಥಿಯ ಅವಧಿ ಸುಮಾರು 20ರಿಂದ 27 ಗಂಟೆಗಳವರೆಗೆ ವ್ಯತ್ಯಾಸವಾಗುತ್ತದೆ. 2024ರಲ್ಲಿ ಪೂರ್ಣಿಮೆಯು ಡಿಸೆಂಬರ್ 14ರ ಸಂಜೆ ಸುಮಾರು 5 ಗಂಟೆಗೆ ತೊಡಗಿ, ಮರುದಿನ ಮಧ್ಯಾಹ್ನ ಸುಮಾರು 2.30ಕ್ಕೆ ಮುಗಿಯಿತು. ದತ್ತಜಯಂತಿ 14ರಂದೇ ನಡೆಯಿತು. ಚಂದ್ರನು ನಿಜವಾಗಿ ಪೂರ್ಣನಾದ ಗಳಿಗೆಯಲ್ಲಿ ಅವನು ಗಾಣಗಾಪುರದವರಿಗೆ ಕ್ಷಿತಿಜದ ಕೆಳಗಿದ್ದನು!

ಚಿತ್ತಾ ನಕ್ಷತ್ರದಿಂದ ಚೈತ್ರ, ಕೃತ್ತಿಕೆಯಿಂದ ಕಾರ್ತಿಕ. ಹಾಗೆಯೇ ಹುಣ್ಣಿಮೆಯ ಚಂದ್ರನು ಮೃಗಶಿರೆಯ ಬಳಿ ಇರುವ ತಿಂಗಳು ಮಾರ್ಗಶಿರ. ಇಲ್ಲಿ ನಕ್ಷತ್ರವೆಂಬ ಪದಕ್ಕೆ ಎರಡು ಅರ್ಥಗಳುಂಟು. ಮಹಾವ್ಯಾಧ ಪುಂಜದ ತಲೆಯಲ್ಲಿರುವ ಮಂಕಾದ ಮೂರು ತಾರೆಗಳು ಮೃಗಶಿರೆ. ಕ್ರಾಂತಿವೃತ್ತವನ್ನು 27 ಸಮಭಾಗ ಮಾಡಿದಾಗ ಬರುವ 13 ಡಿಗ್ರಿ 20 ಕಲೆಗಳ ಒಂದು ತುಂಡೂ ಮೃಗಶಿರೆಯೇ. ಪಂಚಾಂಗವು ಹೇಳುವುದು ಎರಡನೆಯದನ್ನು. ತಾರೆಗಳು ಕ್ರಾಂತಿವೃತ್ತಕ್ಕೆ ಸುಮಾರು 13 ಡಿಗ್ರಿ ದಕ್ಷಿಣದಲ್ಲಿರುವುದರಿಂದ ಚಂದ್ರನು ಅವನ್ನು ಎಂದೂ ಮುಟ್ಟನು.

ಹಾಗಾದರೆ ಪ್ರತಿವರ್ಷವೂ ಮಾರ್ಗಶಿರದ ಹುಣ್ಣಿಮೆ ಮೃಗಶಿರೆಯಲ್ಲಿಯೇ ಆಗುವುದೇ? ಪೂರ್ಣಚಂದ್ರನು 2023ರಲ್ಲಿ ಆರ್ದ್ರೆಯಲ್ಲಿಯೂ 2024ರಲ್ಲಿ ಮೃಗಶಿರೆಯಲ್ಲಿಯೂ 2025ರಲ್ಲಿ ರೋಹಿಣಿಯಲ್ಲಿಯೂ ಇದ್ದನು. ಹನ್ನೆರಡು ಚಾಂದ್ರಮಾಸಗಳಿಗೆ ಸುಮಾರು 354 ದಿನಗಳು; ಸೌರವರ್ಷಕ್ಕಿಂತ 11 ದಿನ ಕಡಿಮೆ. ಆದಕಾರಣ ಹುಣ್ಣಿಮೆಯ ಸ್ಥಾನವು ವರ್ಷಕ್ಕೆ ಸುಮಾರು 11 ಡಿಗ್ರಿ ಹಿಂದೆ ಜಾರುತ್ತದೆ. ಜಾರುತ್ತ ಹೋದರೆ ಹೆಸರೇ ಸುಳ್ಳಾಗುವುದು. ಅದನ್ನು ತಡೆಯುವುದು ಅಧಿಕಮಾಸ. 2026ರಲ್ಲಿ ಅಧಿಕ ಜ್ಯೇಷ್ಠ ಬರುವುದರಿಂದ ಮಾರ್ಗಶಿರದ ಹುಣ್ಣಿಮೆ ಡಿಸೆಂಬರ್ 24ಕ್ಕೆ ಸರಿದು, ಚಂದ್ರನು ಮರಳಿ ಆರ್ದ್ರೆಗೆ ಬರುತ್ತಾನೆ.

ಇದನ್ನು ನೋಡಿ ತಿಳಿಯಲು ದೂರದರ್ಶಕ ಬೇಡ. ಹುಣ್ಣಿಮೆಯ ಬೆಳಕಿನಲ್ಲಿ ಮೃಗಶಿರೆಯ ತಾರೆಗಳು ಅಡಗುತ್ತವೆ. ಆದರೆ ಕೆಂಪಗಿನ ರೋಹಿಣಿ, ಆರ್ದ್ರೆಗಳು ಕಾಣುತ್ತವೆ. ಆ ರಾತ್ರಿ ಇವೆರಡರಿಂದ ಚಂದ್ರನಿಗಿರುವ ದೂರವನ್ನು ಮುಷ್ಟಿಗಳಲ್ಲಿ ಅಳೆದು ಬರೆದಿಟ್ಟು, ಐದಾರು ದಿನಗಳ ಬಳಿಕ ಚಂದ್ರೋದಯಕ್ಕೆ ಮುನ್ನ ಕತ್ತಲೆಯಲ್ಲಿ ಮೂರು ಮಂಕು ತಾರೆಗಳನ್ನು ಗುರುತಿಸಬಹುದು. ಮರುವರ್ಷದ ದತ್ತಜಯಂತಿಯಂದು ಪುನಃ ಅಳೆದರೆ ವ್ಯತ್ಯಾಸ ತಾನಾಗಿ ತೋರುವುದು.