ಲ್ಯಾಪ್ ಸ್ಟೀಲ್ ಗಿಟಾರ್ ಕಲಿಸುವ ಕೋರ್ಸ್‌ಗಳು: ಒಂದು ಮೌಲ್ಯಮಾಪನ

ಸ್ವಯಂಬೋಧನಾ ಸಾಮಗ್ರಿಯ ಮೌಲ್ಯಮಾಪನಕ್ಕೆ ವಿಜ್ಞಾನ ವಿಭಾಗದವರಾದ ನಾವು ಸಾಮಾನ್ಯವಾಗಿ ಭೌತಶಾಸ್ತ್ರದ ವಿಡಿಯೊ ಪಾಠಗಳನ್ನು ಆರಿಸಿಕೊಳ್ಳುತ್ತೇವೆ. ವಿಷಯ ಮೊದಲೇ ಗೊತ್ತಿರುವುದರಿಂದ ಪಾಠದಲ್ಲಿ ಬಿಟ್ಟುಹೋದದ್ದನ್ನು ನಮ್ಮ ಮನಸ್ಸೇ ತುಂಬಿಕೊಳ್ಳುತ್ತದೆ. ಹಾಗಾಗಿ ಪಾಠ ಚೆನ್ನಾಗಿಯೇ ಕಾಣುತ್ತದೆ. ಈ ಬಾರಿ ನನಗೆ ಸ್ವಲ್ಪವೂ ಬಾರದ ವಿಷಯವೊಂದನ್ನು ತೆಗೆದುಕೊಂಡೆ. ಅದಕ್ಕೆ ಕಾರಣ ನನ್ನ ಸೋದರಮಾವ. ನಿವೃತ್ತರಾದ ಮೇಲೆ ಅವರು ಹಳೆಯ ಲ್ಯಾಪ್ ಸ್ಟೀಲ್ ಗಿಟಾರ್ ಒಂದನ್ನು ಕೊಂಡಿದ್ದಾರೆ, ಆದರೆ ಊರಿನಲ್ಲಿ ಅದನ್ನು ಕಲಿಸುವವರಿಲ್ಲ. “ಟೀಚರ್ ಆಗೋಕೆ ಓದ್ತಾ ಇದ್ದೀಯಲ್ಲ, ಯಾವ ಕೋರ್ಸಿಗೆ ದುಡ್ಡು ಹಾಕ್ಬೇಕು ನೋಡಿ ಹೇಳು. ತಪ್ಪು ಕಲಿತು ಆಮೇಲೆ ತಿದ್ಕೊಳ್ಳೋ ವಯಸ್ಸಲ್ಲ ನಂದು” ಎಂದರು.

ವಾದ್ಯದ ಪರಿಚಯವನ್ನು ಚಿಕ್ಕದಾಗಿ ಹೇಳುತ್ತೇನೆ. ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ತಂತಿಗಳ ಮೇಲೆ ಉಕ್ಕಿನ ಸರಳೊಂದನ್ನು ಜಾರಿಸಿ ನುಡಿಸುವ ಪದ್ಧತಿ ಹವಾಯಿ ದ್ವೀಪದ್ದು. ಅದನ್ನು ರೂಢಿಗೆ ತಂದವನು ಜೋಸೆಫ್ ಕೆಕುಕು ಎಂದು ಹೇಳುತ್ತಾರೆ. 1932ರಲ್ಲಿ ಮಾರುಕಟ್ಟೆಗೆ ಬಂದ, ಬಾಣಲೆಯಾಕಾರದ ರಿಕನ್‌ಬ್ಯಾಕರ್ ಎಲೆಕ್ಟ್ರಿಕ್ ಗಿಟಾರ್ ಕೂಡ ಲ್ಯಾಪ್ ಸ್ಟೀಲೇ. ನಮ್ಮ ದೇಶದಲ್ಲಿ ಇದು ‘ಹವಾಯಿಯನ್ ಗಿಟಾರ್’ ಎಂದು ಪರಿಚಿತ. ಬ್ರಿಜ್ ಭೂಷಣ್ ಕಾಬ್ರಾ ಇದರಲ್ಲಿ ಹಿಂದುಸ್ತಾನಿ ರಾಗಗಳನ್ನು ನುಡಿಸಿದರು. ಮರದ ತುಂಡನ್ನು ಜಾರಿಸಿ ನುಡಿಸುವ ನಮ್ಮ ಗೋಟುವಾದ್ಯವನ್ನು ನೋಡಿದವರಿಗೆ ತತ್ವ ಹೊಸದೆನಿಸುವುದಿಲ್ಲ.

ಕೋರ್ಸ್ ಹುಡುಕುವಾಗ ಹೆಸರುಗಳೇ ದಾರಿ ತಪ್ಪಿಸುತ್ತವೆ. ‘ಸ್ಲೈಡ್ ಗಿಟಾರ್’ ಎಂದು ಹುಡುಕಿದರೆ ಬೆರಳಿಗೆ ಗಾಜಿನ ಕೊಳವೆ ತೊಟ್ಟು ಸಾಮಾನ್ಯ ಗಿಟಾರ್ ನುಡಿಸುವ ಪಾಠಗಳು ಬರುತ್ತವೆ. ‘ಪೆಡಲ್ ಸ್ಟೀಲ್’ ಎಂದರೆ ಕಾಲಿನ ಪೆಡಲ್, ಮೊಣಕಾಲಿನ ಲಿವರ್ ಇರುವ ಬೇರೆಯೇ ಯಂತ್ರ. ಸರಿಯಾದ ವಾದ್ಯದ ಕೋರ್ಸ್ ಸಿಕ್ಕ ಮೇಲೂ ಮೊದಲು ಕೇಳಬೇಕಾದದ್ದು ಟ್ಯೂನಿಂಗ್ ಯಾವುದು ಎಂದು. ಅಮೆರಿಕದ ಜೆರ್ರಿ ಬರ್ಡ್ ಜನಪ್ರಿಯಗೊಳಿಸಿದ ಸಿ6 ಟ್ಯೂನಿಂಗ್‌ನಲ್ಲಿ ದಪ್ಪ ತಂತಿಯಿಂದ ಸಣ್ಣ ತಂತಿಗೆ ಸ-ಗ-ಪ-ದ-ಸ-ಗ ಬರುತ್ತದೆ. ಓಪನ್ ಡಿ ಟ್ಯೂನಿಂಗ್‌ನಲ್ಲಿ ಅದು ಸ-ಪ-ಸ-ಗ-ಪ-ಸ. ‘ಮೂರನೆಯ ತಂತಿ, ಐದನೆಯ ಫ್ರೆಟ್’ ಎಂದು ಬರೆದ ಪಾಠ ಮೊದಲನೆಯದರಲ್ಲಿ ಡಿ ಸ್ವರ ಕೊಟ್ಟರೆ ಎರಡನೆಯದರಲ್ಲಿ ಬಿ ಕೊಡುತ್ತದೆ. ಕೋರ್ಸಿನ ವಿವರಣೆಯಲ್ಲೇ ಟ್ಯೂನಿಂಗ್ ಹೇಳದಿದ್ದರೆ, ಪೂರ್ವಜ್ಞಾನ ಪರೀಕ್ಷಿಸದೆ ಪಾಠ ಶುರುಮಾಡಿದಂತೆಯೇ ಸರಿ.

ಗೆರೆ ಮತ್ತು ಕಣ್ಣು

ಈ ಅಧ್ಯಯನದಲ್ಲಿ ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಒಂದು ಸರಳ ಲೆಕ್ಕ. ಸಾಮಾನ್ಯ ಗಿಟಾರಿನಲ್ಲಿ ಬೆರಳು ಫ್ರೆಟ್‌ನ ಹಿಂದೆ ಎಲ್ಲೇ ಒತ್ತಿದರೂ ಲೋಹದ ಪಟ್ಟಿಯೇ ಸ್ವರವನ್ನು ನಿರ್ಧರಿಸುತ್ತದೆ. ಲ್ಯಾಪ್ ಸ್ಟೀಲ್‌ನಲ್ಲಿ ತಂತಿ ಪಟ್ಟಿಗೆ ತಾಗುವುದೇ ಇಲ್ಲ. ಅಲ್ಲಿ ಫ್ರೆಟ್ ಬರೀ ಗುರುತು. ಸರಳನ್ನು ಆ ಗೆರೆಯ ನೇರ ಮೇಲೆ ಇಡಬೇಕು. ತಂತಿಯ ಕಂಪಿಸುವ ಉದ್ದ 22.5 ಇಂಚು, ಅಂದರೆ ಸುಮಾರು 571 ಮಿ.ಮೀ. ಇರುವ ವಾದ್ಯದಲ್ಲಿ ಮೊದಲ ಫ್ರೆಟ್ ಸುಮಾರು 32 ಮಿ.ಮೀ. ದೂರದಲ್ಲಿದೆ. 11 ಮತ್ತು 12ನೆಯ ಫ್ರೆಟ್‌ಗಳ ನಡುವೆ ಇರುವುದು ಸುಮಾರು 17 ಮಿ.ಮೀ. ಮಾತ್ರ. ಸರಳು 2 ಮಿ.ಮೀ. ಸರಿದರೆ ಮೊದಲ ಫ್ರೆಟ್ ಬಳಿ ಅರ್ಧಸ್ವರದ ನೂರರಲ್ಲಿ ಸುಮಾರು 6 ಭಾಗ ತಪ್ಪುತ್ತದೆ. 12ನೆಯದರ ಬಳಿ ಅದೇ 2 ಮಿ.ಮೀ.ಗೆ ತಪ್ಪು 12 ಭಾಗ.

ಇದರ ಜೊತೆಗೆ ಲಂಬನ ದೋಷವೂ ಸೇರುತ್ತದೆ. ತಂತಿಗಳು ಗೆರೆಗಳಿಗಿಂತ ಎತ್ತರದಲ್ಲಿವೆ. ಕುಳಿತವನ ತಲೆ ಒಂದೇ ಕಡೆ ಇರುತ್ತದೆ, ಎಡತುದಿಯ ಗೆರೆಗಳನ್ನು ಓರೆಯಾಗಿ ನೋಡುತ್ತದೆ. ಆರನೆಯ ತರಗತಿಯಲ್ಲಿ ಅಳತೆಪಟ್ಟಿಯ ನೇರ ಮೇಲಿಂದ ಕಣ್ಣಿಟ್ಟು ಓದಬೇಕೆಂದು ನಾವು ಕಲಿಸುವ ಪಾಠವೇ ಇದು. ವಿಡಿಯೊ ಕೋರ್ಸಿನಲ್ಲಿ ಕ್ಯಾಮೆರಾ ಕೂಡ ಒಂದು ಕಣ್ಣು. ಅದನ್ನು ಓರೆಯಾಗಿ ಇಟ್ಟಿದ್ದರೆ ಗುರುಗಳು ಶುದ್ಧವಾಗಿ ನುಡಿಸುತ್ತಿದ್ದರೂ ಸರಳು ಗೆರೆಯಿಂದ ಸರಿದಂತೆ ಕಾಣುತ್ತದೆ, ಕಲಿಯುವವನು ಕಂಡದ್ದನ್ನೇ ಅನುಕರಿಸುತ್ತಾನೆ. ಹೀಗಾಗಿ ಈ ವಾದ್ಯದ ಕೋರ್ಸಿಗೆ ನಾನು ಮುಖ್ಯವಾಗಿ ಕೇಳಿದ ಪ್ರಶ್ನೆ ಒಂದೇ: ಗುರುಗಳು ಎದುರಿಗಿಲ್ಲದಾಗ, ತಾನು ತಪ್ಪುತ್ತಿದ್ದೇನೆ ಎಂದು ಕಲಿಕಾರ್ಥಿಗೆ ಹೇಗೆ ಗೊತ್ತಾಗಬೇಕು?

ಮೂರು ಕೋರ್ಸ್‌ಗಳ ಮಾದರಿ ಪಾಠಗಳನ್ನು ಮಾವನ ವಾದ್ಯವನ್ನೇ ಇಟ್ಟುಕೊಂಡು ನೋಡಿದೆ. ಮೊದಲನೆಯದು ಬಹಳ ಅಂದವಾದ ವಿಡಿಯೊ. ಮೊದಲ ಪಾಠದಲ್ಲೇ ಒಂದು ಹಾಡು. ನೋಡುವಾಗ ‘ಇಷ್ಟೇನಾ’ ಅನ್ನಿಸುತ್ತದೆ, ವಾದ್ಯ ಮುಟ್ಟಿದಾಗ ಅಷ್ಟೇ ಅಲ್ಲ ಎಂದು ತಿಳಿಯುತ್ತದೆ. ಸರಳಿನ ಹಿಂದೆ ಎಡಗೈ ಬೆರಳುಗಳನ್ನು ಹಗುರವಾಗಿ ಇಟ್ಟು ಅನಗತ್ಯ ನಾದವನ್ನು ತಡೆಯಬೇಕೆಂಬ ಮಾತು ನಾಲ್ಕು ಪಾಠ ಮುಗಿದರೂ ಬರಲಿಲ್ಲ. ಗುರುಗಳ ಬೆರಳುಗಳು ಮಾತ್ರ ಮೊದಲಿನಿಂದಲೂ ಆ ಕೆಲಸ ಮಾಡುತ್ತಲೇ ಇದ್ದವು!

ಎರಡನೆಯದು ಧ್ವನಿಮುದ್ರಿಕೆಯೊಂದಿಗಿನ ಪುಸ್ತಕ. ಮುದ್ರಣ ಸಾದಾ, ಚಿತ್ರಗಳು ಮಸುಕು. ಆದರೆ ಹಾಡಿಗೆ ಮೊದಲು ಕಿವಿಗೆ ಕೆಲಸವಿದೆ. ಸಿ6ನಲ್ಲಿ ಮೂರನೆಯ ತಂತಿಯನ್ನು ಮೂರನೆಯ ಫ್ರೆಟ್‌ನಲ್ಲಿ, ಎರಡನೆಯ ತಂತಿಯನ್ನು ತೆರೆದೇ ಬಿಟ್ಟು, ಎರಡನ್ನೂ ಒಟ್ಟಿಗೆ ಮೀಟಬೇಕು. ಎರಡೂ ಸಿ ಸ್ವರವೇ. ಸರಳು ಸ್ವಲ್ಪ ತಪ್ಪಿದರೂ ನಾದ ‘ವಾಂವ್ ವಾಂವ್’ ಎಂದು ತೂಗುತ್ತದೆ, ಸರಿಹೋದಾಗ ತೂಗುವುದು ನಿಲ್ಲುತ್ತದೆ. ಎರಡು ಆವೃತ್ತಿಗಳ ನಡುವೆ 3 ಹರ್ಟ್ಸ್ ಅಂತರವಿದ್ದರೆ ಸೆಕೆಂಡಿಗೆ ಮೂರು ತೂಗಾಟ. ನಾವು ಶ್ರುತಿಕವೆಗಳಿಂದ ಮಾಡಿ ತೋರಿಸುವ ಪ್ರಯೋಗವೇ ಇಲ್ಲಿ ಹಿಮ್ಮಾಹಿತಿಯಾಗಿದೆ. ಮೂರನೆಯ ಕೋರ್ಸಿನಲ್ಲಿ ಕಲಿಯುವವರು ತಮ್ಮ ವಿಡಿಯೊ ಕಳಿಸಿದರೆ ಗುರುಗಳು ತಿದ್ದುತ್ತಾರೆ. ಒಳ್ಳೆಯದೇ, ಆದರೆ ದುಬಾರಿ.

ಮನೋಚಾಲಕ ವಲಯಕ್ಕೆ ಆರ್. ಎಚ್. ಡೇವ್ 1970ರಲ್ಲಿ ಕೊಟ್ಟ ಹಂತಗಳು ನಮಗೆಲ್ಲ ಬಾಯಿಪಾಠ: ಅನುಕರಣೆ, ಕೈಬಳಕೆ, ನಿಖರತೆ, ಸಮನ್ವಯ, ಸಹಜೀಕರಣ. ಮೊದಲ ಕೋರ್ಸ್ ಅನುಕರಣೆಯಿಂದ ನೇರವಾಗಿ ಹಾಡಿನ ಸಮನ್ವಯಕ್ಕೆ ಹಾರುತ್ತದೆ. ಪುಸ್ತಕ ನಿಖರತೆಯ ಬಳಿ ವಾರಗಟ್ಟಲೆ ನಿಲ್ಲಿಸುತ್ತದೆ. ಬೇಸರ ತರಿಸುತ್ತದೆ ಎಂಬ ಆಕ್ಷೇಪ ನ್ಯಾಯವೇ, ಒಂದು ಸಣ್ಣ ಹಾಡನ್ನು ಮೊದಲೇ ಕೊಟ್ಟಿದ್ದರೆ ಚೆನ್ನಾಗಿತ್ತು. ಆದರೂ ಮಾವನಿಗೆ ನಾನು ಹೇಳಿದ್ದು ಪುಸ್ತಕವನ್ನೇ. ಅದರ ಜೊತೆಗೆ ಮೂರನೆಯ ಕೋರ್ಸಿಗೆ ಒಂದೇ ತಿಂಗಳ ಶುಲ್ಕ ಕಟ್ಟಿ, ಕೈ ಇಡುವ ರೀತಿಯನ್ನು ಒಮ್ಮೆ ತಿದ್ದಿಸಿಕೊಳ್ಳುವಂತೆಯೂ ಹೇಳಿದ್ದೇನೆ.

ನಮ್ಮ ಪಾಠ ವೀಕ್ಷಣಾ ನಮೂನೆಯಲ್ಲಿ ವಿಷಯ ಸ್ಪಷ್ಟತೆ, ಉಪಕರಣ ಬಳಕೆ, ಕಪ್ಪುಹಲಗೆ ಕೆಲಸ, ಪ್ರಶ್ನೆ ಕೇಳುವ ಕೌಶಲ ಎಲ್ಲಕ್ಕೂ ಅಂಕವಿದೆ. ‘ಶಿಕ್ಷಕರು ಪಕ್ಕದಲ್ಲಿಲ್ಲದಾಗ ವಿದ್ಯಾರ್ಥಿ ತನ್ನ ತಪ್ಪನ್ನು ತಾನೇ ಕಂಡುಕೊಳ್ಳುವ ಉಪಾಯವನ್ನು ಪಾಠ ಕೊಟ್ಟಿದೆಯೇ?’ ಎಂಬ ಸಾಲು ಅದರಲ್ಲಿಲ್ಲ. ಮುಂದಿನ ವಾರ ಸಹಪಾಠಿಯೊಬ್ಬರು ವರ್ನಿಯರ್ ಕ್ಯಾಲಿಪರ್ಸ್ ಪಾಠ ಮಾಡಲಿದ್ದಾರೆ. ಅವರ ಒಪ್ಪಿಗೆ ಪಡೆದು ಆ ಸಾಲನ್ನು ನಮೂನೆಯ ಕೊನೆಯಲ್ಲಿ ಕೈಬರಹದಲ್ಲಿ ಸೇರಿಸಿದ್ದೇನೆ. ಮೇಲ್ವಿಚಾರಕ ಉಪನ್ಯಾಸಕರು ಅದಕ್ಕೆ ಎಷ್ಟು ಅಂಕ ಇಡಬೇಕೆಂದು ಕೇಳಿದ್ದಾರೆ.